ವಲಿಯಪರಂಬದಲ್ಲಿ ಸ್ವೆಟರ್

ಅಕ್ಕಲಕೋಟದಲ್ಲಿ ರೈಲು ಹತ್ತುವಾಗ ಬಾಯಿಂದ ಹೊಗೆ.
"ನೋಡ, ನಾನೂ ಬೀಡಿ ಸೇದಾಕ್ಹತ್ತೀನಿ" ಅಂದಳು ಸುಗಲವ್ವತ್ತಿ.
ಎರಡು ರೈಲು ಬದಲಿಸಿ, ಮೂರನೆಯದರಲ್ಲಿ ನಿಂತೇ ಬಂದು
ಚೆರುವತ್ತೂರಲ್ಲಿ ಇಳಿದರೆ
ಡಿಸೆಂಬರ್ ಎಂಬುದು ಟಿಕೀಟಿನ ಮೇಲೆ ಮಾತ್ರ ಇತ್ತು.

ಸ್ವೆಟರ್ ಬಿಚ್ಚಲಿಲ್ಲ ಅತ್ತಿ.
ಕುಸುಬಿ ಹೂವಿನ ಬಣ್ಣ, ತೋಳು ಗಿಡ್ಡ,
ಎದೆಯ ಒಳಮಗ್ಗುಲಿಗೆ ಪಿನ್ನು ಹಾಕಿದ ಚೀಲ,
ಚೀಲದೊಳಗೆ ಮರಳಿ ಹೋಗುವ ರೊಕ್ಕ.
"ಬಿಸಲೇನ್ ತುಡುಗು ಮಾಡೂದಿಲ್ಲ, ಮಂದಿ ಮಾಡತಾರ."

ಆಯಿಟ್ಟಿಯ ಕಟ್ಟೆಯಲ್ಲಿ ಬೋಟಿಗೆ ಕಾದೆವು.
ಬೋರ್ಡಿನ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು.
"ಅರ್ಧ ಗುರ್ತಿನ ಮಂದಿ ಇದ್ದಂಗ ಅದಾವ,
ನಕ್ಕಂಗ ಮಾಡಿ ಮುಂದ ಹೋಗತಾವ."

ಊರೆಂದರೆ ಒಂದೇ ರಸ್ತೆ.
ಎಡಗಿವಿಗೆ ಕಡಲು,
ಬಲಗಿವಿಗೆ ಏನೂ ಕೇಳದಷ್ಟು ಸುಮ್ಮನಿರುವ ಹಿನ್ನೀರು.
ರೇಷನ್ ಅಂಗಡಿ. ಮೊಬೈಲ್ ರಿಚಾರ್ಜು.
ಹಾಡಹಗಲೇ ತೂಗುವ ಕ್ರಿಸ್ಮಸ್ಸಿನ ಕಾಗದದ ನಕ್ಷತ್ರ,
ಒಳಗಿನ ಬಲ್ಬು ಯಾರೂ ಆರಿಸಿಲ್ಲ,
ಉರಿಯುವುದು ಯಾರಿಗೂ ಕಾಣುತ್ತಿಲ್ಲ.
ಅಂಗಳದ ತುಂಬ ಕೊಬ್ಬರಿ ಬಟ್ಟಲು ಒಣಗುತ್ತಿದ್ದವು,
ಕಾಗೆಗೆಂದು ಮೇಲೆ ಹಳೆಯ ಬಲೆ.
ಅತ್ತಿ ಬಗ್ಗಿ ಮೂಸಿದಳು,
ಒಂದನ್ನು ತಿರುವಿ ಹಾಕಿದಳು, ರೊಟ್ಟಿ ತಿರುವಿದ ಹಾಗೆ.
ಯಾರ ಮನೆಯದೋ.

ಚಹಾದ ಅಂಗಡಿಯ ಉಮ್ಮರಬ್ಬ ಉಪ್ಪಳದವನು,
ಹೆಣ್ಣು ಕೊಟ್ಟ ಮನೆಗೆ ಬಂದು ಇಲ್ಲೇ ಉಳಿದವನು.
"ನಿಮ್ಮದು ಎಂತ ಕನ್ನಡ ಮಾರಾಯ್ರೆ?"
"ಸ್ವೆಟರ್ ಹಾಕ್ಕೊಂಡ ಕನ್ನಡರೀ."
ಅವನ ಶಾಲೆಯ ಪುಸ್ತಕ ತಿರುವನಂತಪುರದಿಂದ ಬರುತ್ತಿತ್ತಂತೆ,
ಮಳೆ ಮುಗಿದ ಮೇಲೆ.
ಅವಳದು ಪುಣೆಯಿಂದ, ದೀಪಾವಳಿ ದಾಟಿ.
ಇಬ್ಬರೂ ಅಕ್ಕನ ಹರಿದ ಪುಸ್ತಕದಲ್ಲೇ ಪಾಸಾದವರು.

"ಚಳಿ ಅಂದ್ರೆ ಎಷ್ಟು ಚಳಿ?"
ಅತ್ತಿ ಯೋಚಿಸಿದಳು.
"ಕೊಬ್ರಿ ಎಣ್ಣಿ ಕಲ್ಲಾಗತದ.
ಮುಂಜಾನಿ ಚಮಚದ ಹಿಂಬದಿಲೆ ಕೆತ್ತಬೇಕು,
ಬೆಳ್ಳಗ, ಸುಣ್ಣದಂಗ."
ಅವನು ಗ್ಲಾಸು ಕೆಳಗಿಟ್ಟ.
"ಇಲ್ಲಿ ಮಸುಕಾಗ್ತದೆ, ಒಂದೆರಡು ದಿನ, ಬೆಳಿಗ್ಗೆ.
ಬಿಸಿಲು ಬಂದ ಕೂಡಲೇ ನೀರು.
ಕಲ್ಲು? ಅದು ನಾನು ಕಾಣ್ಲಿಲ್ಲ."
ಎಣ್ಣೆ ಇಲ್ಲಿಯದು, ಕಾಣಲಿಲ್ಲ.

ಚೀಲದಿಂದ ತೆಗೆದಳು ಅಗಲ ಬಾಯಿಯ ಬಾಟಲಿ.
ಸಾಕ್ಷಿಗೆ ಏನೂ ಉಳಿದಿರಲಿಲ್ಲ,
ಹಿನ್ನೀರಿನಷ್ಟೇ ತಿಳಿ.
"ಮೊನ್ನಿ ತನಕಾ ಬೆಣ್ಣಿ ಇದ್ದಂಗ ಇತ್ತೋ ಯಪ್ಪಾ"
ಅಂದಳು, ಸುಳ್ಳುಗಾರ್ತಿಯಂತೆ ಕೆಂಪಾಗಿ.
ಉಮ್ಮರಬ್ಬ ನಗಲಿಲ್ಲ.
ಬಾಟಲಿಯನ್ನು ಬಿಸಿಲಿಗೆ ಹಿಡಿದು
ಅದರೊಳಗಿಂದ ನೋಡಿದ, ಬೋಟು ಬರುವ ಕಡೆ,
ಆಮೇಲೆ ಚಹಾದ ದುಡ್ಡು ಬೇಡವೆಂದ.
ಅವಳು ಪಿನ್ನು ಬಿಚ್ಚಿ ಕೊಟ್ಟೇ ಕೊಟ್ಟಳು.

ಸಂಜೆ ಪಡುವಣ ಬದಿಗೆ ಹೋದೆವು.
ಸಮುದ್ರದ ಬಗ್ಗೆ ಆಕೆ ಒಂದು ಮಾತೂ ಆಡಲಿಲ್ಲ.
ಮೊಣಕಾಲ ತನಕ ಸೀರೆ, ಕುತ್ತಿಗೆ ತನಕ ಸ್ವೆಟರ್,
ನಡುವೆ ಒದ್ದೆ.
ಕಾಲ ಬಿರುಕಿಗೆ ಉಪ್ಪು ಕಚ್ಚಿತು;
ಮರಳ ಮೇಲೆ ಕುಂತು
ಕೈ ತೊಳೆಯದೆ ಬಾಟಲಿಯೊಳಗೆ ಬೆರಳು ಹಾಕಿ
ಹಿಮ್ಮಡಿಗೆ ಎಣ್ಣೆ ಹಚ್ಚಿಕೊಂಡಳು.

ಎಳ್ಳಮಾಸಿಯ ಹಿಂದಿನ ದಿನ ಊರು ಮುಟ್ಟಿದೆವು.
ಹೊಲಕ್ಕೆ ಚರಗ ಒಯ್ಯುವ ಗದ್ದಲ,
ಮಕ್ಕಳ ತಲೆಗೆ ಎಣ್ಣೆ ಬೇಕು.
ಎಣ್ಣೆ ಗಟ್ಟಿ.
ಬೆಳ್ಳನೆ ತಳದಲ್ಲಿ
ಐದಾರು ಹರಳು ಕಪ್ಪಗೆ, ಸಿಕ್ಕಿಕೊಂಡು.
ನಾನು ಚಮಚ ತಂದೆ ಕೆತ್ತಲು.

"ತಡಿ" ಅಂದಳು.
ಮಾಳಿಗೆಯ ಕುಂಬಿಯ ಮೇಲೆ, ಬಿಸಿಲು ಮೊದಲು ಬೀಳುವ ಕಡೆ
ಬಾಟಲಿ ಇಟ್ಟು
ಪಕ್ಕದಲ್ಲಿ ತಾನೂ ಕುಂತಳು.