ಜೆರುಸಲೇಮಿನ ಪಾತ್ರ

ಅಮ್ಮತ್ತಿಯ ಶಾಲೆಯಲ್ಲಿ ಆ ವರ್ಷ
ಜೆರುಸಲೇಮ್ ಆಗಿದ್ದು ನಾನು.
ಒಂದು ಸ್ಟೂಲು, ಸುತ್ತ ಆರು ಕಾಫಿ ಮೂಟೆ,
ಕಾನ್ವೆಂಟಿನಿಂದ ಕೇಳಿ ತಂದ ಬಿಳಿ ಬಟ್ಟೆ ಮೈತುಂಬ.
‘ನನಗೇನು ಮಾತು ಸಾರ್?’ ಅಂದೆ.
‘ಊರಿಗೆ ಮಾತಿಲ್ಲ ಬೊಳ್ಳಿ,
ಅಲುಗಾಡದೆ ನಿಂತುಕೋ ಸಾಕು’
ಅಂದರು ಚಿಣ್ಣಪ್ಪ ಮೇಷ್ಟ್ರು.

ಪಾತ್ರ ಹಂಚಿದ್ದು ಧರ್ಮ ನೋಡಿ ಅಲ್ಲ, ಸಾಮಾನು ನೋಡಿ.
ಮೊಣಕಾಲು ಮುಟ್ಟುವ ಗಂಬೂಟು ಇದ್ದದ್ದು ಮೊಯ್ದುವಿನ ಮನೆಯಲ್ಲಿ;
ಮೊಯ್ದು ಎದೆಗೆ ಕೆಂಪು ಶಿಲುಬೆ ಹೊಲಿಸಿಕೊಂಡ.
ಬೊನಿಫಾಸನ ಅತ್ತೆಗೆ ಜರಿಯಂಚಿನ ಹಸಿರು ಶಾಲು;
ಅವನು ಸುಲ್ತಾನ.
ಪೆಮ್ಮಯ್ಯ ಪೀಚೆಕತ್ತಿ ತರುತ್ತೇನೆಂದು ಹೋಗಿ
ಅವ್ವನ ಕೈಲಿ ಬೈಸಿಕೊಂಡು ಬರಿಗೈಲಿ ಬಂದ, ಕುದುರೆಯಾದ.
ಎರಡು ಪಾಳಯಕ್ಕೂ ಅವನೊಬ್ಬನೇ ಕುದುರೆ.

ಕೋಟೆ ಹತ್ತಲು ನಮ್ಮಪ್ಪನ ಏಣಿ,
ಮೆಣಸು ಕೊಯ್ಯುವ ಒಂಟಿಬಿದಿರು.
ಗೆಣ್ಣು ಗೆಣ್ಣಿನಲ್ಲೂ ಅವನ ಪಾದ ಸವೆಸಿದ ನುಣುಪು.

‘ಎರಡು ಕಡೆಯವರೂ ಪವಿತ್ರ ಅಂದರು, ಬರಕೊಳ್ಳಿ.
ಸುಮಾರು ಇನ್ನೂರು ವರ್ಷ, ಬರಕೊಳ್ಳಿ.
ಆಗಲೂ ನಮ್ಮ ಘಟ್ಟ ಇಳಿದ ಮೆಣಸು ಕಡಲು ದಾಟಿ
ಇವರ ಸಾರಿಗೂ ಬೀಳುತ್ತಿತ್ತು, ಅವರ ಸಾರಿಗೂ...
ಇದು ಬೇಡ ಬಿಡಿ, ಪರೀಕ್ಷೆಗೆ ಬರಲ್ಲ.’

ಮೂಟೆಗಳ ಹಿಂದೆ ಒಂದನೇ ಕ್ಲಾಸಿನ ಹನ್ನೊಂದು ಮಕ್ಕಳು.
ಅವರು ಊರೊಳಗಿನ ಜನ.
ಎರಡು ಸಲ ಕಿರುಚಬೇಕು, ಅಷ್ಟೇ.
ನನ್ನ ತಮ್ಮನೂ ಇದ್ದ.

ಸಾವಿರದ ತೊಂಬತ್ತೊಂಬತ್ತು. ಮೊಯ್ದು ಏಣಿ ಹತ್ತಿ ಬಂದ.
ಮಕ್ಕಳು ಕಿರುಚಿದರು. ಚೆನ್ನಾಗಿ ಕಿರುಚಿದರು.
ರಕ್ತ ಮೊಣಕಾಲಿನ ತನಕ ಏರಿತೆಂದು ಯಾರೋ ಬರೆದಿಟ್ಟಿದ್ದಾರಂತೆ,
ನಮ್ಮಲ್ಲಿ ಅರ್ಧ ಬಕೆಟ್ಟು ಬಣ್ಣದ ನೀರು,
ನನ್ನ ಕಾಲಿಗೆ ಸುರಿದರು.
ಫೆಬ್ರವರಿಯ ರಾತ್ರಿ, ಬಾವಿಯ ನೀರು.
ಬೆರಳ ಸಂದಿಯ ಕೆಂಪು ವಾರವಾದರೂ ಹೋಗಲಿಲ್ಲ.

ಪರದೆ ಎಳೆದರು. ದೊರೆ, ಸುಲ್ತಾನ, ಕುದುರೆ
ಒಂದೇ ಲೋಟದಲ್ಲಿ ಟೀ ಕುಡಿದರು.
ನನಗೆ ಉಚ್ಚೆ ಒತ್ತರಿಸಿತ್ತು,
ಇಳಿಯಬೇಡ, ಬಟ್ಟೆಯ ಮಡಿಕೆ ಕೆಡುತ್ತೆ ಅಂದರು.

ಪರದೆ ತೆರೆಯುವಷ್ಟರಲ್ಲಿ ಎಂಬತ್ತೆಂಟು ವರ್ಷ ಕಳೆದಿತ್ತು.
ಅದೇ ಏಣಿ, ಅದೇ ಕುದುರೆ, ಈಗ ಬೊನಿಫಾಸ್.
ಮೇಷ್ಟ್ರು ಮರೆಯಿಂದ ಕೈಸನ್ನೆ ಮಾಡಿದರು, ಮಾಡುತ್ತಲೇ ಇದ್ದರು.
ಮೂಟೆಗಳ ಹಿಂದಿನಿಂದ ಒಂದು ಸದ್ದಿಲ್ಲ.
ಊರೊಳಗಿನ ಜನ ಒಬ್ಬರ ಮೇಲೊಬ್ಬರು ಬಿದ್ದು
ನಿದ್ದೆ ಹೋಗಿದ್ದರು.
ಮೇಲಿಂದ ನನಗೊಬ್ಬಳಿಗೇ ಕಂಡಿತು ಅದು,
ಹನ್ನೊಂದು ಬಾಯಿ ತೆರೆದೇ ಇದ್ದವು.
ಕಿರುಚಬೇಕೆನ್ನಿಸಿತು.
ನನಗೆ ಮಾತಿರಲಿಲ್ಲ.

ಹಾಲಿನ ಕೊನೆಯಲ್ಲಿ ಅಪ್ಪ ನಿಂತಿದ್ದ.
ನಾಟಕಕ್ಕೆ ಬಂದವನಲ್ಲ, ಏಣಿಗೆ.
ಬೆಳಿಗ್ಗೆ ಏಳಕ್ಕೆ ಕೊಯ್ಲು.

ಲೈನ್ ಮನೆಯ ದಾರಿ, ಕಾಫಿ ಗಿಡದ ಕತ್ತಲು.
ಏಣಿಯ ಮುಂದಿನ ತುದಿ ಅವನ ಹೆಗಲಲ್ಲಿ,
ಹಿಂದಿನದು ನನ್ನ ಕೈಯಲ್ಲಿ,
ನಡುವೆ ಬಿದಿರು ಹಿಡಿದು ತೂಕಡಿಸುತ್ತ ತಮ್ಮ.
ಬಹಳ ಹೊತ್ತಾದ ಮೇಲೆ ಅಪ್ಪ ಕೇಳಿದ,
‘ಕೊನೆಗೆ ಯಾರದಾಯ್ತು ಆ ಊರು?’

ಹೇಳೋಣವೆಂದು ಬಾಯಿ ತೆರೆದೆ.
ತಿರುವಿನಲ್ಲಿ ಆನೆಲದ್ದಿ, ಇನ್ನೂ ಹಬೆಯಾಡುತ್ತಿತ್ತು.
ಪಕ್ಕದಲ್ಲೇ ಎಲ್ಲೋ ಕೊಂಬೆ ಮುರಿಯಿತು.
ಅಪ್ಪ ಕೈ ಎತ್ತಿದ.
ಏಣಿ ಹಿಡಿದು ಮೂವರೂ
ಹಾಗೇ ನಿಂತೆವು,
ಅಲುಗಾಡದೆ.