ಉಪ್ಪಿನ ಉಗ್ರಾಣ

ಮೊದಲು ಇದು ಉಪ್ಪಿನ ಉಗ್ರಾಣ.
ಗೋಡೆ ಇವತ್ತಿಗೂ ಬೆವರುತ್ತದೆ.
ಕೆಳಗಿನ ಸಾಲಿನ ಪುಸ್ತಕದ ಬೆನ್ನು ನೆಕ್ಕಿದರೆ
(ನೆಕ್ಕಿದ್ದೇನೆ, ಏಳು ವರ್ಷದವಳಿದ್ದಾಗ)
ನಾಲಿಗೆಗೆ ಸಮುದ್ರ.

ಹೆರಿಂಗ್ ಮೀನಿಗೆ ಉಪ್ಪು ಹಾಕಿ ದುಡ್ಡು ಮಾಡಿದ ಗೌರ್ಲೆ
ಸಾಯುವ ಮುಂಚೆ ಅದೇನು ಅನ್ನಿಸಿತೋ,
ಕಟ್ಟಡ, ಒಂದು ಒಲೆ, ಒಂದು ಗಡಿಯಾರ,
ಇನ್ನೂರ ಹನ್ನೊಂದು ಪುಸ್ತಕ
ಅರ್ಡಕ್ ಬಂದರಿನ ಜನಕ್ಕೆಂದು ಬರೆದಿಟ್ಟ.
ಅದರಲ್ಲಿ ನೂರ ನಲವತ್ತು ಬರೀ ಪ್ರವಚನ,
ಹಾಳೆಗಳ ಅಂಚು ಕೂಡ ಕತ್ತರಿಸಿರಲಿಲ್ಲ.
ಗೌರ್ಲೆಯೂ ಓದಿರಲಿಲ್ಲ ಅಂತಾಯಿತು.

ಬಾಗಿಲ ಹಿಂದಿನ ನಿಯಮಾವಳಿ ಹಾಗೇ ಇದೆ:
ಉಗುಳಬಾರದು. ನಾಯಿ ತರಬಾರದು.
ಹೆಂಗಸರಿಗೆ ಕಿಟಕಿಯ ಬಳಿ ಬೇರೆ ಮೇಜು.
ಮೀನು ಸೀಳಿದ ಕೈಯವರು
ತೊಳೆದುಕೊಂಡು ಬರತಕ್ಕದ್ದು.

ತೊಳೆದರೆ ಹೋಗುವಂಥದೇ ಅದು?
ಮೀನಿನ ಸುಗ್ಗಿಗೆ ದ್ವೀಪಗಳಿಂದ ಬರುತ್ತಿದ್ದ ಹುಡುಗಿಯರು
ಬೆರಳಿಗೆ ಹಿಟ್ಟಿನ ಚೀಲದ ಚಿಂದಿ ಸುತ್ತಿ
ನಿಮಿಷಕ್ಕೆ ನಲವತ್ತು ಮೀನು ಬಗೆದು
ಮೀನಿನ ಹಿಂದೆಯೇ ಬಂದರಿನಿಂದ ಬಂದರಿಗೆ ಹೋಗುವವರು.
ದೇಶ ಸುತ್ತು, ಇಲ್ಲ ಕೋಶ ಓದು ಅನ್ನುವುದು
ಬಿಡುವಿದ್ದವರ ಮಾತು.
ಇವರು ಸುತ್ತಿ, ರಾತ್ರಿ ಒಂಬತ್ತಕ್ಕೆ ಇಲ್ಲಿ ಬಂದು ಕೂತು
ಚಿಂದಿ ಸುತ್ತಿದ ಬೆರಳಿಗೆ ಹಾಳೆ ಸಿಗದೆ
ಮೂಗಿನ ತುದಿಯಿಂದ ಪುಟ ತಿರುವಿದರು.

ಡೌಗಲ್ ಸ್ಟ್ರಾಹನ್ ಆಗ ಇಲ್ಲಿಯ ಯಜಮಾನ.
ಜೂಜಾಡಿ ಊರು ಕೆಡದಿರಲೆಂದು
ದಿನಾ ಬೆಳಿಗ್ಗೆ ಪತ್ರಿಕೆಯ ಕುದುರೆ ಜೂಜಿನ ಅಂಕಣಕ್ಕೆ
ಕಪ್ಪು ಮಸಿ ಬಳಿಯುತ್ತಿದ್ದ,
ತಾನು ಓದಿಕೊಂಡ ಮೇಲೆ.
ಅವನದೇ ಕೈಬರಹ, ಕೆಂಪು ಜ್ವರ ಬಂದ ಚಳಿಗಾಲದ್ದು:
'ಸೋಂಕಿನ ಮನೆಗಳಿಂದ ಹಿಂದೆ ಬಂದು
ಒಲೆಗೆ ಹಾಕಿದ ಪುಸ್ತಕ ಹನ್ನೊಂದು.'
ಎಲ್ಲದರ ಹೆಸರು, ಬೆಲೆ ಬರೆದಿದ್ದಾನೆ.
ಹೋದ ಮಕ್ಕಳು ನಾಲ್ಕು. ಅವರ ಹೆಸರು
ಚರ್ಚಿನ ಅಂಗಳದಲ್ಲಿ ಹುಡುಕಬೇಕು.

ಇನ್ನೊಂದು ದಫ್ತರವಿದೆ, ಓದುಗರ ಬೇಡಿಕೆಯದು.
ಎಫೀ ಮಕ್‌ಫೇಲ್, ಮೀನು ಸೀಳುವವಳು,
ತಡವರಿಸುವ ಇಂಗ್ಲಿಷಿನಲ್ಲಿ:
'ನಮ್ಮ ಗೇಲಿಕ್ ಮಾತಿನದು ಒಂದಾದರೂ ಪುಸ್ತಕ.'
ಪಕ್ಕದ ಖಾನೆಯಲ್ಲಿ ಕೆಂಪು ಶಾಯಿ: 'ಅಗತ್ಯವಿಲ್ಲ.'
ಮರುವರ್ಷವೂ ಅದೇ ಸಾಲು, ಅದೇ ಶಾಯಿ.
ಅದರ ಮರುವರ್ಷವೂ.
ನಾಲ್ಕನೆಯ ಸುಗ್ಗಿಗೆ ಅವಳ ಹೆಸರಿಲ್ಲ.

ಕೊನೆಗೂ ಒಂದು ಗೇಲಿಕ್ ಪುಸ್ತಕ ಬಂತು,
ಹೆರಿಂಗ್ ಈ ಕಡಲನ್ನು ಬಿಟ್ಟುಹೋದ ಮೇಲೆ.
ಯಾರೂ ಒಯ್ಯಲಿಲ್ಲ.
ಅವಳು ಒಯ್ಯುತ್ತಿದ್ದುದು ಭೂಪಟದ ಪುಸ್ತಕ;
ಅದರಲ್ಲಿ, ಅವಳ ದ್ವೀಪದ ಪುಟದಲ್ಲಿ,
ಒಂದು ಹುರುಪೆ ಅಂಟಿಕೊಂಡಿದೆ
ಹಸುಗೂಸಿನ ಉಗುರಿನ ಹಾಗೆ.
ನಾನು ಕಿತ್ತಿಲ್ಲ.

ಯುದ್ಧದಲ್ಲಿ ಬೇಲಿಯ ಕಬ್ಬಿಣ ಕೊಂಡುಹೋದರು,
ಗಡಿಯಾರ ಯಾವಾಗಲೋ ನಿಂತಿತು.
ಈಗ ವಾರಕ್ಕೆರಡು ದಿನ ತೆರೆಯುತ್ತೇನೆ.
ಜನ ಬರುವುದು ಅರ್ಜಿ ತುಂಬಲು, ಮೈ ಬೆಚ್ಚಗಿಡಲು.
ನನಗದು ಬೇಸರವಲ್ಲ. ಒಲೆಯನ್ನೂ ಗೌರ್ಲೆ ಬರೆದಿಟ್ಟಿದ್ದನಲ್ಲ.

ಕಳೆದ ಗುರುವಾರ ಸೀಗಡಿ ದೋಣಿಯ ಹುಡುಗ ಬಂದ,
ನೆಸ್ಟರ್ ದಿಮಗಿಬಾ, ಫಿಲಿಪೀನ್ಸಿನವ.
ಮನೆಗೆ ಫೋನು ಹಚ್ಚಿ, ಮುಗಿಸಿ,
ಮೂಗು ಒರೆಸಿಕೊಂಡು ಕೇಳಿದ:
'ನಮ್ಮ ಸೆಬುವಾನೊದ್ದು ಏನಾದರೂ ಉಂಟೇ?'

ಅದೇ ದಫ್ತರ ಮುಂದಿಟ್ಟೆ.
ಬರೆದ. ಅಂಗಿಯ ತೋಳು ಹಾಳೆಯ ಮೇಲೆ
ಒದ್ದೆಯ ಗುರುತು ಬಿಟ್ಟಿತು.
ಕೌನ್ಸಿಲ್ಲಿಗೆ ಕಾಗದ ಹಾಕಿದ್ದೇನೆ;
ಉತ್ತರ ಬಂದಿದೆ, ಗುರುವಾರ ಇನ್ನು ಬಾಗಿಲು ತೆರೆಯಬೇಡಿ ಎಂದು,
ಪುಸ್ತಕದ ಸುದ್ದಿ ಇಲ್ಲ.

ಅವನ ಸಾಲಿನ ಪಕ್ಕದ ಖಾನೆ ಖಾಲಿ.
ಮೇಜಿನ ಡ್ರಾಯರು ಜಾಲಾಡಿ ನೋಡಿದೆ:
ಕೆಂಪು ಶಾಯಿ ಎಂದೋ ಒಣಗಿದೆ, ಪುಣ್ಯಕ್ಕೆ.