ಅಂಗೈಗೆ ಕೇಳುವಷ್ಟು

ಶಿವರಾಂಪೇಟೆಯ ನನ್ನ ಅಂಗಡಿಗೆ ಬೋರ್ಡು ಇರಲಿಲ್ಲ.
ಖಾಲಿ ಕ್ಯಾಸೆಟ್ಟು ತಂದರೆ ತುಂಬಿಸಿ ಕೊಡುತ್ತಿದ್ದೆ,
ಅರವತ್ತು ನಿಮಿಷಕ್ಕೆ ಎಂಟು ರೂಪಾಯಿ.
ಭಜನೆ, ಹರಿಕಥೆ, ಯಾರದೋ ಮದುವೆಯ ಓಲಗ.

ಮ್ಯೂರಿಯಲ್ ಟೀಚರು ಬಂದದ್ದು ಒಂದು ಗುರುವಾರ,
ಕೊಡೆಯ ತುದಿಯಿಂದ ಮೆಟ್ಟಿಲು ತಟ್ಟಿಕೊಂಡು.
ಕೈಚೀಲದಲ್ಲಿ ಪರ್ತ್‌ನಿಂದ ಬಂದ ಲಕೋಟೆ,
ಲಕೋಟೆಯೊಳಗೆ ಅಕ್ಕನ ಮಗ ಡಡ್ಲಿ.
‘ಮನೇ ಪ್ಲೇಯರು ಟೇಪು ನುಂಗುತ್ತೆ, ನೀವೇ ಹಾಕಿ.’

ಹಾಡಿಗಿಂತ ಗ್ಲಾಸುಗಳ ಸದ್ದೇ ಹೆಚ್ಚು.
ಯಾರೋ ಕುರ್ಚಿ ಎಳೆದರು, ಯಾರೋ ಬೈದರು,
ಕೊನೆಗೆ ಚಪ್ಪಾಳೆ. ನಾವಿಬ್ಬರೂ ಎಣಿಸಿದೆವು:
ಏಳು ಜನ. ‘ಅದರಲ್ಲಿ ಒಬ್ಬಳು ನನ್ನಕ್ಕ,’ ಅಂದರು,
‘ಎಲ್ಲರೂ ನಿಲ್ಲಿಸಿದ ಮೇಲೆ ಅವಳದು ಶುರು.’
ಕ್ಯಾಸೆಟ್ಟಿನ ಬೆನ್ನಿಗೆ ಬರೆದೆ: ಡಡ್ಲಿ ೧.

ಗಿಟಾರು ತಗಡು ಹರಿದ ಹಾಗೆ,
ಹಾಡುವವನ ಗಂಟಲಲ್ಲಿ ಒಂದು ಲೋಡು ಜಲ್ಲಿ.
ನನಗೆ ಹಿಡಿಸಲಿಲ್ಲ, ಸುಳ್ಳು ಯಾಕೆ.
ಆದರೆ ಅಡಿಯಲ್ಲಿ ಆ ಡ್ರಮ್ಮು ಇತ್ತಲ್ಲ,
ಅದು ನನಗೆ ಗೊತ್ತಿದ್ದ ಪೆಟ್ಟು.
ಎಲ್ಲಿ, ಎಲ್ಲಿ ಅಂತ ಎರಡು ದಿನ ತಲೆ ಕೆರೆದೆ.

ಅಶೋಕಪುರಂನ ಮೂಲೆ.
ಹಳೇ ಪೇಪರು ಉರಿಸಿ ತಮಟೆ ಕಾಯಿಸುವ ಹುಡುಗರು,
ನಡುವೆ ರೈಲ್ವೆ ಕ್ವಾರ್ಟರ್ಸಿನ ಬೆಕ್ಕಿನ ಕಣ್ಣಿನವನೊಬ್ಬ,
ಚಡ್ಡಿ ತುಂಬ ಮಸಿ.
ಮೂರನೇ ಏಟಿಗೆ ಸದಾ ಅವಸರ.
ವರ್ಕ್‌ಶಾಪಿನ ಸೈರನ್ ಕೂಗಿದರೆ
ಅದಕ್ಕೂ ಒಂದು ಏಟು ಸೇರಿಸಿ ಓಡುತ್ತಿದ್ದ.

ಎರಡನೇ ಟೇಪಿನ ಜೊತೆ ಕಾಗದ:
ಐದು ಜನ, ಒಂದು ಡಕೋಟಾ ವ್ಯಾನು,
ಗಣಿ ಊರಿಂದ ಗಣಿ ಊರಿಗೆ ಕೆಂಪು ಧೂಳು,
ಒಂದು ಕಡೆ ದುಡ್ಡಿನ ಬದಲು ಅರ್ಧ ಕುರಿ ಕೊಟ್ಟರಂತೆ.
ಮೂರನೆಯದಕ್ಕೆ ಅಚ್ಚಾದ ಲೇಬಲ್ಲು,
ಐದು ಮುಖ, ಐವತ್ತು ಜನಕ್ಕಾಗುವಷ್ಟು ಕೂದಲು.
ನಾಲ್ಕನೆಯದರಲ್ಲಿ ಪೇಪರಿನ ತುಂಡು.
ಡ್ರಮ್ಮು ಕಲಿತದ್ದೆಲ್ಲಿ ಅಂತ ಕೇಳಿದ್ದಾರೆ,
‘ಮೈಸೂರಲ್ಲಿ’ ಅಂದಿದ್ದಾನೆ,
ಅವರು ‘ಮಿಸರಿ’ ಅಂತ ಅಚ್ಚು ಹಾಕಿದ್ದಾರೆ.
ಸಂಕಟದಲ್ಲಿ ಕಲಿತೆ, ಎಂದಾಯಿತು ಅರ್ಥ.
ಟೀಚರು ನಕ್ಕೂ ನಕ್ಕೂ ಕನ್ನಡಕ ಒರೆಸಿಕೊಂಡರು.
‘ಪೂರ್ತಿ ತಪ್ಪೇನಲ್ಲ ಬಿಡಿ. ಅವನಪ್ಪ
ಆ ತಮಟೇನ ಬಾಯ್ಲರಿಗೆ ಹಾಕಿದ್ದ.’

ಅಷ್ಟರಲ್ಲಿ ಅವರ ಎಡಗಿವಿ ಹೋಗಿತ್ತು.
ನಾನು ‘ಟೀ ತರಿಸಲಾ’ ಅಂದರೆ
‘ಹೌದು, ಶನಿವಾರ’ ಅನ್ನುತ್ತಿದ್ದರು.

ಏಳನೆಯ ಟೇಪು ಬಂದಾಗ ಬಲಗಿವಿಯೂ ಇಲ್ಲ.
ಅಕ್ಕ ತೀರಿಕೊಂಡು ನಾಲ್ಕು ತಿಂಗಳು.
‘ಹಾಕಿ,’ ಅಂದರು. ಸ್ಟೂಲು ಎಳೆದುಕೊಂಡು
ಸ್ಪೀಕರಿನ ಬಲೆಯ ಮೇಲೆ ಅಂಗೈ ಇಟ್ಟರು,
ಜ್ವರ ನೋಡುವ ಹಾಗೆ.
‘ಇನ್ನೂ ಸ್ವಲ್ಪ.’ ತಿರುಗಿಸಿದೆ. ‘ಇನ್ನೂ.’
ಪಕ್ಕದ ಅಕ್ಕಿ ಅಂಗಡಿಯ ಪುಟ್ಟಮಾದಪ್ಪ ಓಡಿ ಬಂದ:
‘ರೀ, ನನ್ನ ತಕ್ಕಡಿ ಕುಣೀತಾ ಇದೆ,
ಗಿರಾಕಿಗೆ ಯಾವ ತೂಕ ಹೇಳಲಿ?’
ಅಂಗೈ ತೆಗೆಯದೆ ಟೀಚರು ಅಂದರು,
‘ಕತ್ತೆ. ಮೂರನೇ ಏಟಿಗೆ ಇನ್ನೂ ಅವಸರ.’

ಹಾಡು ಮುಗಿಯಿತು. ಆಮೇಲೆ ಜನ.
ಕನ್ನಂಬಾಡಿಯ ಗೇಟು ಎತ್ತಿದ ಹಾಗೆ ಜನ.
‘ಎಷ್ಟು?’ ಎಂದು ಹುಬ್ಬಿನಲ್ಲೇ ಕೇಳಿದರು.
ಹತ್ತು ಬೆರಳು ಬಿಡಿಸಿದೆ, ಮಡಚಿದೆ, ಬಿಡಿಸಿದೆ,
ಕೈ ಚೆಲ್ಲಿದೆ.

ಜನದ ಸದ್ದು ಇಳಿಯುತ್ತ ಬಂತು.
ಅವರು ಕೈ ತೆಗೆಯಲಿಲ್ಲ.
ಎಲ್ಲರೂ ನಿಲ್ಲಿಸಿದ ಮೇಲಿನದಕ್ಕೆ ಕಾಯುತ್ತಿದ್ದಾರೆ
ಅಂತ ಹೊಳೆದದ್ದೇ ನನಗೆ ತಡವಾಗಿ.
ಟೇಪು ಖಾಲಿ ಸುತ್ತುತ್ತಿತ್ತು.
ಪೆಟ್ಟಿಗೆಯ ಹಿಂದುಗಡೆ, ಪ್ಲೈವುಡ್ಡಿಗೆ,
ಬೆರಳ ಗೆಣ್ಣಿನಿಂದ ಬಡಿದೆ:
ಒಂದು. ಬಿಟ್ಟು, ಒಂದು. ಬಿಟ್ಟು, ಒಂದು.

ಟೀಚರು ಪೆಟ್ಟಿಗೆಯನ್ನಲ್ಲ,
ನನ್ನ ಭುಜ ಅಲುಗುವುದನ್ನು ನೋಡುತ್ತಿದ್ದರು.
ಬೇಡ ಅಂದರೂ ಎಂಟು ರೂಪಾಯಿ ಇಟ್ಟರು,
ಬಿಡಿ ನಾಣ್ಯಗಳಲ್ಲಿ,
ಒಂದೊಂದಾಗಿ, ನಿಧಾನಕ್ಕೆ.